ಸೋತ ಮೊಕದ್ದಮೆಯಿಂದ ಮೇಯರ್ ಕುರ್ಚಿಗೆ

1980ರ ಮಾರ್ಚ್. ತೈವಾನ್ ರಾಜಧಾನಿ ತೈಪೆಯ ಜಿಂಗ್ಮೇ ಪ್ರದೇಶದ ಮಿಲಿಟರಿ ನ್ಯಾಯಾಲಯದ ಕಟಕಟೆಯಲ್ಲಿ ಎಂಟು ಮಂದಿ ನಿಂತಿದ್ದರು. ಹೊರಿಸಿದ್ದು ರಾಜದ್ರೋಹದ ಆರೋಪ. ಆ ಕಲಮಿನಡಿ ಮರಣದಂಡನೆಯೂ ಆಗಬಹುದಿತ್ತು. ಎಂಟರಲ್ಲಿ ಒಬ್ಬರಾದ ಯಾವೋ ಜಿಯಾವೆನ್ ಸ್ವತಃ ವಕೀಲರು. ಅವರ ಪರ ವಕಾಲತ್ತು ಹಾಕಿದವರು ಇಬ್ಬರು: 33 ವರ್ಷದ ಶಿಯೆ ಚಾಂಗ್‌ಟಿಂಗ್, 32ರ ಸು ಝೆಂಗ್‌ಚಾಂಗ್. ಇಂಥ ಕೇಸು ಹಿಡಿದರೆ ಮುಂದೆ ಕಕ್ಷಿದಾರರು ಸಿಗುವುದಿರಲಿ, ತಾವು ಹೊರಗಿರುತ್ತೇವೆಯೇ ಎಂಬುದೇ ಖಾತ್ರಿಯಿಲ್ಲದ ಕಾಲ ಅದು.

ಕೇಸು ಸೋತಿತು. ಶಿ ಮಿಂಗ್‌ದೆ ಅವರಿಗೆ ಜೀವಾವಧಿ, ಹುವಾಂಗ್ ಶಿನ್‌ಜಿಯೆ ಅವರಿಗೆ 14 ವರ್ಷ, ಯಾವೋ ಸೇರಿ ಉಳಿದ ಆರು ಜನಕ್ಕೆ ತಲಾ 12 ವರ್ಷ ಸೆರೆವಾಸ. ಆದರೆ ಅಮೆರಿಕದ ಕಣ್ಣು ತಮ್ಮ ಮೇಲಿದೆ ಎಂದು ಸರ್ಕಾರ ವಿಚಾರಣೆಯನ್ನು ಬಾಗಿಲು ತೆರೆದೇ ನಡೆಸಿತ್ತು. ವಕೀಲರ ವಾದ, ಆರೋಪಿಗಳ ಉತ್ತರ ಎಲ್ಲವೂ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂದವು. ನ್ಯಾಯಾಲಯದಲ್ಲಿ ಸೋತ ವಕೀಲರು ಓದುಗರ ಮುಂದೆ ಗೆದ್ದುಬಿಟ್ಟರು. ಹೊರಗಿನವರಿಗೆ ಫ್ರ್ಯಾಂಕ್ ಶಿಯೆ ಎಂದೇ ಪರಿಚಿತರಾದ ಶಿಯೆ ಅವರ ರಾಜಕೀಯ ಜೀವನ ಶುರುವಾದದ್ದು ಈ ಸೋಲಿನಿಂದ.

ಮೊಕದ್ದಮೆಯ ಮೂಲ ದಕ್ಷಿಣದ ಬಂದರು ನಗರ ಕಾವೋಶಿಯುಂಗ್. 1979ರ ಡಿಸೆಂಬರ್ 10ರಂದು, ಮಾನವ ಹಕ್ಕುಗಳ ದಿನ, ‘ಫಾರ್ಮೋಸಾ’ ಪತ್ರಿಕೆಯ ಬಳಗ ಅಲ್ಲಿ ಪಂಜು ಹಿಡಿದು ಮೆರವಣಿಗೆ ಹೊರಟಿತು. ದೊಡ್ಡ ವೃತ್ತವೊಂದರ ಬಳಿ ಪೊಲೀಸರು ಸುತ್ತುವರಿದರು, ಘರ್ಷಣೆಯಾಯಿತು, ಬಂಧನಗಳು ಶುರುವಾದವು. ಆ ಬಳಗಕ್ಕೆ ಪತ್ರಿಕೆ ಒಂದು ನೆಪ ಅಷ್ಟೆ. ಆಳುವ ಪಕ್ಷ ಕುಮಿಂಟಾಂಗ್ ಬಿಟ್ಟು ಬೇರೆ ಪಕ್ಷ ಕಟ್ಟಲು ಅವಕಾಶವೇ ಇಲ್ಲದ ದೇಶದಲ್ಲಿ ಪಕ್ಷದ ಕಚೇರಿ ತೆರೆಯುವ ಬದಲು ಪತ್ರಿಕೆಯ ಕಚೇರಿ ತೆರೆದಿದ್ದರು. ಅಂಥವರಿಗೆ ಜನ ಇಟ್ಟಿದ್ದ ಹೆಸರೇ ‘ದಾಂಗ್‌ವಾಯ್’, ಅಂದರೆ ಪಕ್ಷದ ಹೊರಗಿನವರು.

ಈ ವಕೀಲರೆಲ್ಲ ನಗರ, ಜಿಲ್ಲೆಗಳ ರಾಜಕೀಯಕ್ಕೇ ಏಕೆ ಇಳಿದರು? 1949ರ ಮೇ ತಿಂಗಳಲ್ಲಿ ಜಾರಿಯಾದ ಮಾರ್ಷಲ್ ಲಾ 1987ರ ಜುಲೈವರೆಗೂ ಇತ್ತು. ಚೀನಾದ ಮುಖ್ಯ ಭೂಭಾಗದಲ್ಲಿ 1947–48ರಲ್ಲಿ ಆರಿಸಿ ಬಂದ ಸಂಸದರು ಮರುಚುನಾವಣೆಯ ಗೊಡವೆಯಿಲ್ಲದೆ ನಾಲ್ಕು ದಶಕ ಕುರ್ಚಿಯಲ್ಲೇ ಮುದುಕರಾದರು. ಆದರೆ ಸ್ಥಳೀಯ ಚುನಾವಣೆಗಳು 1950ರಿಂದಲೇ ನಡೆಯುತ್ತಿದ್ದವು. ಹೆಚ್ಚುಕಡಿಮೆ ಮುಚ್ಚಿದ ಮನೆಯಲ್ಲಿ ತೆರೆದಿಟ್ಟ ದೊಡ್ಡ ಕಿಟಕಿ ಅದು. ಅದರಲ್ಲೂ ಒಂದು ಕಿತಾಪತಿ ಇತ್ತು: 1967ರಲ್ಲಿ ತೈಪೆಗೂ, 1979ರ ಜುಲೈನಲ್ಲಿ ಕಾವೋಶಿಯುಂಗ್‌ಗೂ ವಿಶೇಷ ನಗರದ ದರ್ಜೆ ಕೊಟ್ಟರು. ಕೇಳಲು ಬಡ್ತಿ. ಆದರೆ ಅಲ್ಲಿಂದಾಚೆ ಮೇಯರ್ ಯಾರೆಂದು ನಿರ್ಧರಿಸುವವರು ಮತದಾರರಲ್ಲ, ಕೇಂದ್ರ ಸರ್ಕಾರ. ನಗರಸಭೆಯ ಸದಸ್ಯರನ್ನು ಮಾತ್ರ ಜನ ಆರಿಸಬಹುದಿತ್ತು.

ಜೈಲಿನಲ್ಲಿದ್ದವರ ಪರವಾಗಿ ಮೊದಲು ಮತ ಕೇಳಲು ಹೋದವರು ಅವರ ಮನೆಯವರು. ಯಾವೋ ಅವರ ಪತ್ನಿ ಝೌ ಚಿಂಗ್‌ಯು 1980ರ ಕೊನೆಯಲ್ಲೇ ನ್ಯಾಷನಲ್ ಅಸೆಂಬ್ಲಿಯ ಕೆಲವೇ ಹೆಚ್ಚುವರಿ ಸ್ಥಾನಗಳಿಗೆ ನಡೆದ ಚುನಾವಣೆಯಲ್ಲಿ ಗೆದ್ದು ಬಂದರು. ಮರುವರ್ಷ ವಕೀಲರ ಸರದಿ. ಸು ತಮ್ಮ ಊರು ಪಿಂಗ್‌ಡಾಂಗ್‌ನಿಂದ ಪ್ರಾಂತೀಯ ಸಭೆಗೆ ಹೋದರು. ಶಿಯೆ ತೈಪೆ ನಗರಸಭೆಗೆ ಬಂದರು. ಹುವಾಂಗ್ ಅವರ ವಕೀಲರಾಗಿದ್ದ ಚೆನ್ ಶುಯಿಬಿಯಾನ್ ಕೂಡ ಅಲ್ಲಿಗೇ ಬಂದರು. ಇವರಿಬ್ಬರ ಜತೆ ಲಿನ್ ಝೆಂಗ್‌ಜಿಯೆ ಸೇರಿ ಮೂವರಿಗೂ ‘ಮೂವರು ಖಡ್ಗಧಾರಿಗಳು’ ಎಂಬ ಬಿರುದು ಅಂಟಿತು. ಸಭೆಯಲ್ಲಿ ಅಧಿಕಾರಿಗಳನ್ನು ನಿಲ್ಲಿಸಿ ಪ್ರಶ್ನೆ ಕೇಳುವುದೆಂದರೆ ವಕೀಲನಿಗೆ ಪಾಟೀಸವಾಲು ಅಲ್ಲದೆ ಮತ್ತೇನು?

ಶಿಯೆ ಹುಟ್ಟಿದ್ದು 1946ರಲ್ಲಿ ತೈಪೆಯ ಹಳೆಯ ವ್ಯಾಪಾರಿ ಪೇಟೆ ದಾದಾವೋಚೆಂಗ್‌ನಲ್ಲಿ. ಶಾಲೆಯಲ್ಲಿ ಜಿಮ್ನಾಸ್ಟ್. ನ್ಯಾಷನಲ್ ತೈವಾನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಜಪಾನಿನ ಕ್ಯೋಟೊದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. 1986ರ ಸೆಪ್ಟೆಂಬರ್ 28ರಂದು ತೈಪೆಯ ಗ್ರ್ಯಾಂಡ್ ಹೋಟೆಲಿನಲ್ಲಿ ಸೇರಿದ ಹೊರಗಿನವರು ಕಾನೂನು ಒಪ್ಪದಿದ್ದರೂ ಪಕ್ಷ ಕಟ್ಟಿಯೇಬಿಟ್ಟಾಗ, ‘ಡೆಮಾಕ್ರಟಿಕ್ ಪ್ರೋಗ್ರೆಸಿವ್ ಪಾರ್ಟಿ’ ಎಂಬ ಹೆಸರು ಸೂಚಿಸಿದ್ದು ಅವರೇ. ಅದೇ ಇಂದಿನ ಡಿಪಿಪಿ. ಮೊದಲ ಅಧ್ಯಕ್ಷ ಜಿಯಾಂಗ್ ಪೆಂಗ್‌ಜಿಯಾನ್ ಕೂಡ ಅದೇ ಮೊಕದ್ದಮೆಯ ವಕೀಲರು.

ಮುಂದಿನ ಹತ್ತು ವರ್ಷ ಶಿಯೆ ಪಾಲಿಗೆ ಏಣಿಯೂ ಹಾವೂ. 1989ರಲ್ಲಿ ಸಂಸತ್ತಿಗೆ ಗೆದ್ದರು. 1994ರಲ್ಲಿ ತೈಪೆ ಮೇಯರ್ ಟಿಕೆಟ್ ಹಳೆಯ ಜತೆಗಾರ ಚೆನ್ ಪಾಲಾಯಿತು. 1996ರಲ್ಲಿ ಉಪಾಧ್ಯಕ್ಷ ಹುದ್ದೆಗೆ ನಿಂತು ಸೋತರು. ಅದೇ ವರ್ಷ ವಂಚನೆಯ ಆರೋಪಕ್ಕೆ ಸಿಲುಕಿದ ಸಾಂಗ್ ಚಿಲಿ ಎಂಬ ಪವಾಡ ಗುರುವಿನ ಜತೆಗಿನ ನಂಟು ಹೊರಬಂದು ಹೆಸರು ಕೆಟ್ಟಿತು. (ಸ್ವಾಮೀಜಿಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ರಾಜಕಾರಣಿಗಳನ್ನು ಕಂಡ ನಮಗೆ ಇದು ಹೊಸದೇನಲ್ಲ.)

ಆಗ ಅವರ ಕೈ ಹಿಡಿದದ್ದು ಮತ್ತೆ ಕರಿಕೋಟು. 1997ರ ನವೆಂಬರಿನಲ್ಲಿ, ಹದಿಹರೆಯದ ಹುಡುಗಿಯೊಬ್ಬಳ ಅಪಹರಣ, ಕೊಲೆಯ ಪ್ರಕರಣದಲ್ಲಿ ತಲೆಮರೆಸಿಕೊಂಡಿದ್ದ ಚೆನ್ ಜಿನ್‌ಶಿಂಗ್ ತೈಪೆಯಲ್ಲಿ ದಕ್ಷಿಣ ಆಫ್ರಿಕಾದ ಸೇನಾ ಪ್ರತಿನಿಧಿಯ ಮನೆಗೆ ನುಗ್ಗಿ ಇಡೀ ಕುಟುಂಬವನ್ನು ಒತ್ತೆ ಇಟ್ಟುಕೊಂಡ. ಟಿವಿ ನಿರೂಪಕರು ಫೋನಿನಲ್ಲಿ ಅವನ ಜತೆ ನೇರಪ್ರಸಾರದಲ್ಲಿ ಹರಟುತ್ತಿದ್ದರು. ದೇಶ ಉಸಿರು ಬಿಗಿಹಿಡಿದು ನೋಡುತ್ತಿತ್ತು. ತನ್ನ ಹೆಂಡತಿಗೆ ಅನ್ಯಾಯವಾಗುತ್ತಿದೆ ಎಂಬುದು ಅವನ ದೂರು. ಮರುದಿನ ಶಿಯೆ ಬಂದೂಕಿಲ್ಲದೆ ಆ ಮನೆಯೊಳಗೆ ಹೋದರು. ಬಂದೂಕು ಹಿಡಿದವನ ಎದುರು ಕೂತು ಕಕ್ಷಿದಾರನ ಅಹವಾಲು ಕೇಳುವಂತೆ ಕೇಳಿದರು, ಮಾತಾಡಿದರು. ಒತ್ತೆಯಾಳುಗಳು ಹೊರಬಂದರು. ಆ ಸಂಜೆ ಅವನು ಶರಣಾದ.

ಮರುವರ್ಷ ಪಕ್ಷ ಅವರನ್ನು ಕಾವೋಶಿಯುಂಗ್‌ಗೆ ಕಳುಹಿಸಿತು. ತೈಪೆಯವರಿಗೆ ಇಲ್ಲೇನು ಕೆಲಸ ಎಂಬ ಗೊಣಗಾಟ ಸಹಜವೇ. ಎದುರಾಳಿ ವು ದೆನ್‌ಯಿ ಕೂಡ ಊರಿನವರೇನಲ್ಲ. 1990ರಲ್ಲಿ ಕೇಂದ್ರದಿಂದ ನೇಮಕವಾಗಿ ಬಂದ ಮೇಯರ್ ಅವರು. 1994ರಲ್ಲಿ ಮೇಯರ್ ಚುನಾವಣೆ ಮರಳಿ ಬಂದಾಗ ಗೆದ್ದು ಉಳಿದುಕೊಂಡವರು. 1998ರ ಡಿಸೆಂಬರ್ 5ರ ರಾತ್ರಿ ಎಣಿಕೆ ಮುಗಿದಾಗ ಏಳೂವರೆ ಲಕ್ಷಕ್ಕೂ ಹೆಚ್ಚು ಮತಗಳ ನಡುವೆ ಶಿಯೆ ಮುಂದಿದ್ದದ್ದು ಬರೀ 4,565 ಮತಗಳಿಂದ. ಅದೇ ರಾತ್ರಿ ತೈಪೆಯಲ್ಲಿ ಚೆನ್ ಶುಯಿಬಿಯಾನ್ ಸೋತರು.

ಊರಿನ ಜನಕ್ಕೆ ಆಗ ಸಿದ್ಧಾಂತಕ್ಕಿಂತ ನೀರಿನ ಚಿಂತೆ. ನಲ್ಲಿ ನೀರು ಕುಡಿಯಲಾಗದೆ ಕ್ಯಾನ್ ಹಿಡಿದು ನೀರು ಕೊಳ್ಳುತ್ತಿದ್ದ ಊರದು. ನಡುವೆ ಹರಿಯುವ ನದಿಯ ಹೆಸರು ಆಯ್‌ಹ, ಪ್ರೇಮನದಿ. ಕಾರ್ಖಾನೆ, ಮನೆಗಳ ಕೊಳಚೆ ಸೇರಿ ಪ್ರೇಮಿಗಳೂ ಮೂಗು ಮುಚ್ಚಿಕೊಳ್ಳುವಷ್ಟು ನಾರುತ್ತಿತ್ತು. ಕೊಳಚೆಯನ್ನು ತಡೆದು ಬೇರೆಡೆ ಸಾಗಿಸುವ ಕೆಲಸ ಶಿಯೆ ಬರುವ ಮೊದಲೇ ಶುರುವಾಗಿತ್ತು, ಆ ಪಾಲು ಹಿಂದಿನವರಿಗೆ ಸಲ್ಲಬೇಕು. ಶಿಯೆ ಅದನ್ನು ಬಿಡದೆ ಮುಂದುವರಿಸಿದರು. ದಡದಲ್ಲಿ ದೀಪ ಹಾಕಿಸಿದರು, ಕಾಫಿ ಅಂಗಡಿ ತೆರೆಸಿದರು, ನೀರಿಗೆ ದೋಣಿ ಇಳಿಸಿದರು. ನೆಲದಡಿಯ ಪೈಪು ಮತದಾರನಿಗೆ ಕಾಣುವುದಿಲ್ಲ. ನದಿದಡದ ಕಾಫಿ ಕಾಣುತ್ತದೆ. 2002ರಲ್ಲಿ ಮತ್ತೆ ಗೆದ್ದರು.

ಹೊಸ ಮೇಯರ್ ತಮ್ಮ ಆಡಳಿತದ ಸಮಾಜ ಕಲ್ಯಾಣ ವಿಭಾಗಕ್ಕೆ ಕರೆದುಕೊಂಡಿದ್ದು ಚೆನ್ ಜು ಅವರನ್ನು. 1980ರಲ್ಲಿ ಕಟಕಟೆಯಲ್ಲಿ ನಿಂತ ಎಂಟು ಜನರಲ್ಲಿ ಆಕೆಯೂ ಒಬ್ಬರು. 2000ದಲ್ಲಿ ಡಿಪಿಪಿ ದೇಶದ ಅಧಿಕಾರ ಹಿಡಿದಾಗ ಆಕೆ ಕಾರ್ಮಿಕ ಖಾತೆಯ ಮುಖ್ಯಸ್ಥೆಯಾದರು. 2005ರ ಫೆಬ್ರುವರಿಯಲ್ಲಿ ಶಿಯೆ ಪ್ರಧಾನಿಯಾಗಿ ತೈಪೆಗೆ ಹೋದರು. ಆಗಸ್ಟ್‌ನಲ್ಲಿ ಅವರ ಕಾಲದಲ್ಲೇ ಶುರುವಾಗಿದ್ದ ಕಾವೋಶಿಯುಂಗ್ ಮೆಟ್ರೊ ಕಾಮಗಾರಿಯ ಥಾಯ್ ಕಾರ್ಮಿಕರು ದಂಗೆ ಎದ್ದರು. ಮೊಬೈಲ್ ಇಟ್ಟುಕೊಳ್ಳುವಂತಿಲ್ಲ, ನಗದಿನ ಬದಲು ಟೋಕನ್ ಕೊಟ್ಟು ಸಾಮಾನು ಕೊಳ್ಳಬೇಕು ಎಂಬಂಥ ಕಟ್ಟಳೆಗಳಿಂದ ಬೇಸತ್ತು ಶೆಡ್ಡಿಗೆ ಬೆಂಕಿ ಹಚ್ಚಿದರು. ಮಾನವ ಹಕ್ಕುಗಳ ದಿನದಂದು ಪಂಜು ಹಿಡಿದು ಹೊರಟಿದ್ದ ಪೀಳಿಗೆಗೆ ಇದಕ್ಕಿಂತ ದೊಡ್ಡ ಮುಖಭಂಗ ಬೇಕಿರಲಿಲ್ಲ. ಚೆನ್ ಜು ರಾಜೀನಾಮೆ ಕೊಟ್ಟರು. ಪ್ರಭಾರ ಮೇಯರ್ ಚೆನ್ ಚಿಮಾಯ್ ಅವರೂ ಕುರ್ಚಿ ಬಿಟ್ಟರು. ಶಿಯೆ ಪ್ರಧಾನಿ ಪಟ್ಟವೂ 2006ರ ಜನವರಿಗೆ ಮುಗಿಯಿತು.

ಆ ವರ್ಷ ಡಿಸೆಂಬರ್ 9ರಂದು, ಕಾವೋಶಿಯುಂಗ್ ಘಟನೆಗೆ 27 ವರ್ಷ ತುಂಬುವ ಹಿಂದಿನ ದಿನ, ಎರಡೂ ನಗರಗಳಲ್ಲಿ ಮತದಾನ. ತೈಪೆ ಮೇಯರ್ ಸ್ಥಾನಕ್ಕೆ ನಿಂತ ಶಿಯೆ ಸೋತರು. ಕಾವೋಶಿಯುಂಗ್‌ನಲ್ಲಿ ಚೆನ್ ಜು 1,114 ಮತಗಳಿಂದ ಗೆದ್ದರು. ಸೋತವರು ನ್ಯಾಯಾಲಯಕ್ಕೆ ಹೋದರು. 2007ರ ಜೂನ್‌ನಲ್ಲಿ ಜಿಲ್ಲಾ ನ್ಯಾಯಾಲಯ ಆಕೆಯ ಗೆಲುವನ್ನು ರದ್ದು ಮಾಡಿತು. ನವೆಂಬರಿನಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು, ಆಕೆ ಮೇಯರ್ ಆಗಿಯೇ ಉಳಿದರು. ಮರುವರ್ಷ ಮೆಟ್ರೊ ಓಡತೊಡಗಿತು. ಪೊಲೀಸರು ಮೆರವಣಿಗೆ ತಡೆದಿದ್ದ ಆ ವೃತ್ತದ ಕೆಳಗಿನ ನಿಲ್ದಾಣಕ್ಕೆ ‘ಮೆಯ್‌ಲಿದಾವ್’ ಎಂದು ಹೆಸರಿಟ್ಟರು. ಮುಟ್ಟುಗೋಲು ಹಾಕಿಸಿಕೊಂಡ ಪತ್ರಿಕೆಯ ಚೀನೀ ಹೆಸರು ಅದೇ.