ಹಳೆಯ ಫ್ರೀಜರ್ ತಣ್ಣಗಾಗುತ್ತಿಲ್ಲ: ಗ್ಯಾಸಿಗೆ ಕೈ ಹಾಕುವ ಮೊದಲು

ಫ್ರೀಜರ್ ರಿಪೇರಿ ಕಲಿಯುವವರು ಮೊದಲು ಬಿಡಬೇಕಾದ ಅಭ್ಯಾಸವೆಂದರೆ, ‘ಕೂಲಿಂಗ್ ಇಲ್ಲ’ ಅಂದ ತಕ್ಷಣ ‘ಗ್ಯಾಸ್ ಖಾಲಿಯಾಗಿರಬೇಕು’ ಎಂದುಕೊಳ್ಳುವುದು. ಮನೆಬಳಕೆಯ ಫ್ರೀಜರಿನಲ್ಲಿ ಗ್ಯಾಸ್ ಓಡಾಡುವ ದಾರಿಯೆಲ್ಲ ಬೆಸುಗೆ ಹಾಕಿ ಮುಚ್ಚಿದ್ದು. ಗ್ಯಾಸ್ ಅದರೊಳಗೇ ಸುತ್ತುತ್ತದೆ, ಖರ್ಚಾಗುವುದಿಲ್ಲ. ಎಲ್ಲೂ ತೂತು ಬೀಳದಿದ್ದರೆ ಇಪ್ಪತ್ತು ವರ್ಷ ಕಳೆದರೂ ಕೆಲಸಕ್ಕೆ ಬೇಕಾದಷ್ಟು ಉಳಿದಿರುತ್ತದೆ. ಹಾಗಾಗಿ ಗ್ಯಾಸಿನ ಸರದಿ ಕೊನೆಗೆ. ಮೊದಲು ಕೇಳಬೇಕಾದ ಪ್ರಶ್ನೆ ಎರಡು: ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು, ಅಂದರೆ ಕಂಪ್ರೆಸರ್, ಓಡುತ್ತಿದೆಯೇ? ಓಡುತ್ತಿದ್ದರೆ ಒಳಗಿನ ಕಾಯಿಲ್ (ಗ್ಯಾಸ್ ಹಾಯ್ದು ತಣ್ಣಗಾಗುವ ಕೊಳವೆ ಸುರುಳಿ) ಮೇಲೆ ಐಸ್ ಎಲ್ಲಿ ಕಟ್ಟಿದೆ, ಎಲ್ಲಿ ಕಟ್ಟಿಲ್ಲ? ಎರಡನೆಯದಕ್ಕೆ ಉತ್ತರ ಬೇಕೆಂದರೆ ಐಸ್ ಕರಗುವ ಮೊದಲೇ ನೋಡಬೇಕು. ಆಫ್ ಮಾಡಿ, ತೊಳೆದು, ಒರೆಸಿ ಆಮೇಲೆ ದೋಷ ಹುಡುಕಲು ಕೂತರೆ ಸಾಕ್ಷಿಯೇ ಉಳಿದಿರುವುದಿಲ್ಲ. ಫೋಟೊ ತೆಗೆದಿಟ್ಟುಕೊಳ್ಳಿ.

ಉಷ್ಣತೆಯನ್ನು ಅಂದಾಜಿನಲ್ಲಿ ಹೇಳಬಾರದು, ಅಳೆಯಬೇಕು. ಥರ್ಮಾಮೀಟರನ್ನು ಎರಡು ಗಟ್ಟಿ ಪೊಟ್ಟಣಗಳ ನಡುವೆ ಸಿಕ್ಕಿಸಿ ಒಂದು ರಾತ್ರಿ ಬಿಡಿ. ಬರೀ ಗಾಳಿಯ ಉಷ್ಣತೆ ಬಾಗಿಲು ತೆರೆದ ಕೂಡಲೇ ಏರುತ್ತದೆ, ಅದನ್ನು ನಂಬುವ ಹಾಗಿಲ್ಲ. ಇರಬೇಕಾದದ್ದು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ. ಮೈನಸ್ 10ರ ಆಸುಪಾಸಿನಲ್ಲಿ ನಿಂತಿದ್ದರೆ ಯಂತ್ರ ದುಡಿಯುತ್ತಿದೆ, ಆದರೆ ಸಾಲುತ್ತಿಲ್ಲ ಎಂದರ್ಥ. ಸೊನ್ನೆ ದಾಟಿದ್ದರೆ ಏನೋ ಪೂರ್ತಿ ಕೈಕೊಟ್ಟಿದೆ. ಕೆಟ್ಟು ನಿಂತರೂ ಬಾಗಿಲು ಮುಚ್ಚಿಯೇ ಇದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತದೆ. ಅಷ್ಟರೊಳಗೆ ಆಹಾರವನ್ನು ಬೇರೆಡೆಗೆ ಸಾಗಿಸಿ.

ಏನನ್ನೂ ಬಿಚ್ಚದೆ ನೋಡುವಂಥದ್ದು

ಬಾಗಿಲಿನ ರಬ್ಬರ್ ಸಂದಿಗೆ ಒಂದು ಕಾಗದದ ಚೂರು ಕೊಟ್ಟು ಬಾಗಿಲು ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿ ಸಿಗಬೇಕು. ಹೀಗೆ ಸುತ್ತಲೂ ಗೇಣಿಗೊಂದು ಕಡೆ ಪರೀಕ್ಷಿಸಿ. ಮೂಲೆಗಳನ್ನೂ ಹಿಂಜ್ ಇರುವ ಬದಿಯನ್ನೂ ಬಿಡಬೇಡಿ, ಸೋರುವುದು ಹೆಚ್ಚಾಗಿ ಅಲ್ಲೇ. ಒಳಗಿನ ಐಸ್ ಒಂದೇ ಮೂಲೆಯಲ್ಲಿ ಬಾಗಿಲ ಹತ್ತಿರ ದಪ್ಪಗೆ ಬೆಳೆದಿದ್ದರೆ ಹೊರಗಾಳಿಯ ತೇವ ಆ ಜಾಗದಿಂದಲೇ ನುಗ್ಗುತ್ತಿದೆ. ರಬ್ಬರನ್ನು ಸೋಪು ನೀರಿನಲ್ಲಿ ಒರೆಸಿ, ಮಡಿಚಿಕೊಂಡ ಕಡೆ ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ಮಾಡಿ ನೇರ ಮಾಡಬಹುದು. ಸೀಳಿದ್ದರೆ ಅಥವಾ ಕಲ್ಲಿನಂತೆ ಗಟ್ಟಿಯಾಗಿದ್ದರೆ ಬದಲಾಯಿಸುವುದೇ ಸರಿ.

ಹಿಂಬದಿಯಲ್ಲಿ ಶಾಖವನ್ನು ಹೊರಬಿಡುವ ಕಪ್ಪು ಜಾಲರಿ ಕಾಯಿಲ್ ಇದ್ದರೆ ಪ್ಲಗ್ ಕಿತ್ತು ಬ್ರಷ್‌ನಿಂದ ಧೂಳು ತೆಗೆಯಿರಿ, ಗೋಡೆಗೂ ಅದಕ್ಕೂ ಸುಮಾರು 10 ಸೆಂಟಿಮೀಟರ್ ಅಂತರ ಬಿಡಿ. ಮೇಲಿನಿಂದ ಮುಚ್ಚಳ ತೆರೆಯುವ ಪೆಟ್ಟಿಗೆ ಫ್ರೀಜರಿನಲ್ಲಿ ಈ ಕಾಯಿಲ್ ಸಾಮಾನ್ಯವಾಗಿ ಹೊರ ತಗಡಿನ ಒಳಗೇ ಇರುತ್ತದೆ. ಆದ್ದರಿಂದ ಅದರ ಪಕ್ಕಗಳು ಬೆಚ್ಚಗಿರುವುದು ದೋಷವಲ್ಲ. ಅಲ್ಲಿ ಸ್ಕ್ರೂ ಹೊಡೆಯುವುದು ಮಾತ್ರ ಮಹಾ ದೋಷ. ನೇಮ್‌ಪ್ಲೇಟ್ ಮೇಲಿನ ಹವಾಮಾನ ವರ್ಗವನ್ನೂ ಓದಿ. ‘ಎನ್’ ಎಂದಿದ್ದರೆ ಅದು 32 ಡಿಗ್ರಿ ಕೋಣೆಯವರೆಗೆ ರೂಪಿಸಿದ ಯಂತ್ರ, ‘ಎಸ್‌ಟಿ’ 38ರವರೆಗೆ, ‘ಟಿ’ 43ರವರೆಗೆ. 32ರ ಯಂತ್ರವನ್ನು 40 ಡಿಗ್ರಿ ಕೋಣೆಯಲ್ಲಿಟ್ಟರೆ ಅದು ನಿಲ್ಲದೆ ಓಡಿಯೂ ಮೈನಸ್ 18 ಮುಟ್ಟದಿರಬಹುದು.

ಕಂಪ್ರೆಸರ್ ಓಡದಿದ್ದರೆ

ಫ್ರಾಸ್ಟ್‌ಫ್ರೀ (ಐಸನ್ನು ತಾನೇ ಕರಗಿಸಿಕೊಳ್ಳುವ) ಮಾದರಿಯಾದರೆ ಮೊದಲು ಡಿಫ್ರಾಸ್ಟ್ ಟೈಮರ್, ಅಂದರೆ ಆಗಾಗ ಕಂಪ್ರೆಸರ್ ನಿಲ್ಲಿಸಿ ಐಸ್ ಕರಗಿಸುವ ಹೀಟರ್ ಹಚ್ಚುವ ಗಡಿಯಾರ ಸ್ವಿಚ್ಚು ನೋಡಿ. ಅದು ಡಿಫ್ರಾಸ್ಟ್ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ದೀಪ ಉರಿಯುತ್ತದೆ, ಆದರೆ ಕಂಪ್ರೆಸರ್ ಸತ್ತಂತೆ ಕಾಣುತ್ತದೆ. ಟೈಮರಿನ ಗುಂಡಿಯನ್ನು ಸ್ಕ್ರೂಡ್ರೈವರಿನಿಂದ ನಿಧಾನವಾಗಿ ತಿರುಗಿಸಿದಾಗ ‘ಟಕ್’ ಎಂದು ಕಂಪ್ರೆಸರ್ ಶುರುವಾದರೆ ಕಳ್ಳ ಸಿಕ್ಕಂತೆ.

ಮುಂದಿನದು ಥರ್ಮೋಸ್ಟಾಟ್, ಉಷ್ಣತೆ ನೋಡಿ ಕಂಪ್ರೆಸರನ್ನು ಹಚ್ಚುವ, ನಿಲ್ಲಿಸುವ ಸ್ವಿಚ್ಚು. ಅದರ ತೆಳು ಕೊಳವೆಯೊಳಗಿನ ಅನಿಲ ಸೋರಿಹೋದರೆ ಸಂಪರ್ಕ ತೆರೆದೇ ಉಳಿಯುತ್ತದೆ. ಪ್ಲಗ್ ಕಿತ್ತು, ಥರ್ಮೋಸ್ಟಾಟಿನ ಸಂಪರ್ಕಕ್ಕೆ ಕರೆಂಟ್ ತರುವ ತಂತಿ ಮತ್ತು ಅಲ್ಲಿಂದ ಕಂಪ್ರೆಸರಿನ ಕಡೆ ಹೋಗುವ ತಂತಿ, ಈ ಎರಡನ್ನು ಥರ್ಮೋಸ್ಟಾಟಿನಿಂದ ಕಳಚಿ ಇನ್ಸುಲೇಟೆಡ್ ಕನೆಕ್ಟರಿನಿಂದ ಜೋಡಿಸಿ ಮತ್ತೆ ಪ್ಲಗ್ ಹಾಕಿ. ಆಗ ಓಡಿದರೆ ಥರ್ಮೋಸ್ಟಾಟ್ ಹೋಗಿದೆ.

ಕೆಲವು ನಿಮಿಷಕ್ಕೊಮ್ಮೆ ಕಂಪ್ರೆಸರ್ ‘ಹೂಂ’ ಎಂದು ಗುನುಗಿ, ಐದು–ಹತ್ತು ಸೆಕೆಂಡಿನಲ್ಲಿ ‘ಟಿಕ್’ ಎಂದು ನಿಲ್ಲುತ್ತಿದ್ದರೆ ಅದು ಶುರುವಾಗಲು ಯತ್ನಿಸಿ ಸೋಲುತ್ತಿದೆ, ಅತಿಯಾದ ಕರೆಂಟಿನಿಂದ ಅದನ್ನು ಕಾಯುವ ಓವರ್‌ಲೋಡ್ ಪ್ರೊಟೆಕ್ಟರ್ ಕಡಿತ ಮಾಡುತ್ತಿದೆ. ಓಡುವಾಗಿನ ವೋಲ್ಟೇಜ್ ಅಲ್ಲ, ಹೀಗೆ ಗುನುಗುವ ಕ್ಷಣದ ವೋಲ್ಟೇಜನ್ನು ಸಾಕೆಟ್‌ನಲ್ಲಿ ಅಳೆಯಿರಿ. ತೆಳುವಾದ ಎಕ್ಸ್‌ಟೆನ್ಷನ್ ವೈರ್ ಇದ್ದರೆ ಅಲ್ಲೇ ಬಹಳಷ್ಟು ಕುಸಿಯುತ್ತದೆ. ವೋಲ್ಟೇಜ್ ಸರಿಯಿದ್ದರೆ ಪ್ಲಗ್ ಕಿತ್ತು, ಪಿಟಿಸಿ ರಿಲೇ (ಕಂಪ್ರೆಸರಿನ ಪಿನ್‌ಗಳ ಮೇಲೆ ಕೂರುವ, ಅದನ್ನು ಶುರು ಮಾಡಿಸುವ ಬಿಡಿಭಾಗ) ಕಳಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಚೂರು ಗಲಗಲ ಎಂದರೆ ಬಿಲ್ಲೆ ಒಡೆದಿದೆ. ಸರಿಯಿರುವ ಬಿಲ್ಲೆ ತಣ್ಣಗಿದ್ದಾಗ ಕೆಲವು ಓಮ್‌ನಿಂದ ಕೆಲವು ಹತ್ತು ಓಮ್‌ವರೆಗೆ ತೋರಿಸುತ್ತದೆ. ಸ್ಟಾರ್ಟ್ ಕೆಪಾಸಿಟರ್ ಇದ್ದರೆ ಮುಟ್ಟುವ ಮುನ್ನ ರೆಸಿಸ್ಟರ್ ಮೂಲಕ ಡಿಸ್‌ಚಾರ್ಜ್ ಮಾಡಲೇಬೇಕು.

ಇನ್ನು ಕಂಪ್ರೆಸರಿನ ಮೂರು ಪಿನ್: ಕಾಮನ್, ರನ್, ಸ್ಟಾರ್ಟ್. ಮೂರು ಜೋಡಿಯ ಓಮ್ ಅಳೆಯಿರಿ. ದೊಡ್ಡ ಅಳತೆ ಉಳಿದೆರಡರ ಮೊತ್ತಕ್ಕೆ ಸಮವಿರಬೇಕು: 12, 18, 30 ಬಂದರೆ ವೈಂಡಿಂಗ್ (ಮೋಟಾರಿನ ತಂತಿ ಸುತ್ತು) ಸರಿ. 12 ಬಂದದ್ದು ಕಾಮನ್–ರನ್, 18 ಕಾಮನ್–ಸ್ಟಾರ್ಟ್. ಯಾವುದೇ ಪಿನ್ನಿನಿಂದ ಕಂಪ್ರೆಸರಿನ ಬರಿ ಲೋಹಕ್ಕೆ ಕಂಟಿನ್ಯುಟಿ (ಕರೆಂಟ್ ಹರಿಯುವ ಸಂಪರ್ಕ) ಬಂದರೆ ವೈಂಡಿಂಗ್ ಕಂಪ್ರೆಸರಿನ ಹೊರಮೈಗೆ ತಗುಲಿದೆ, ಮತ್ತೆ ಪ್ಲಗ್ ಹಾಕಬೇಡಿ. ನೆನಪಿಡಿ, ನಿಂತ ಕಂಪ್ರೆಸರನ್ನು ತಕ್ಷಣ ಮತ್ತೆ ಹಚ್ಚಿದರೆ ಸರಿಯಿರುವುದೂ ‘ಟಿಕ್’ ಎನ್ನುತ್ತದೆ. ಒತ್ತಡ ಸಮವಾಗಲು ಐದು ನಿಮಿಷ ಕೊಟ್ಟು ಪರೀಕ್ಷಿಸಿ.

ಓಡುತ್ತಿದೆ, ಆದರೂ ತಣ್ಣಗಿಲ್ಲ

ಐಸ್ ಓದಬೇಕಾದದ್ದು ಇಲ್ಲಿ. ಫ್ರಾಸ್ಟ್‌ಫ್ರೀ ಮಾದರಿಯಲ್ಲಿ ಒಳಗಿನ ಹಿಂಬದಿಯ ಹಲಗೆ ಬಿಚ್ಚಿದರೆ ಕಾಯಿಲ್ ಕಾಣುತ್ತದೆ. ಅದರ ರೆಕ್ಕೆಗಳ ನಡುವೆ ಸಂದಿಯೇ ಕಾಣದಂತೆ ಬಿಳಿ ಐಸ್ ತುಂಬಿಕೊಂಡಿದ್ದರೆ ಕೂಲಿಂಗ್ ವ್ಯವಸ್ಥೆ ಗಟ್ಟಿಯಾಗಿದೆ, ಕೆಟ್ಟದ್ದು ಡಿಫ್ರಾಸ್ಟ್. ಫ್ಯಾನ್ ತಿರುಗಿದರೂ ಗಾಳಿ ಹಾಯಲು ದಾರಿಯಿಲ್ಲ. ಇಂಥ ಯಂತ್ರವನ್ನು ಬಾಗಿಲು ತೆರೆದು ಒಂದು ದಿನ ಆಫ್ ಇಟ್ಟರೆ ಆಮೇಲೆ ಕೆಲವು ದಿನ ಚೆನ್ನಾಗಿ ಓಡಿ, ಮತ್ತೆ ಹಾಗೇ ಆಗುತ್ತದೆ. ಇದೊಂದೇ ಲಕ್ಷಣ ಸಾಕು ಗುರುತಿಸಲು. ಐಸ್ ಕರಗಿಸುವ ಹೀಟರ್, ಕಾಯಿಲ್ ಬೆಚ್ಚಗಾದಾಗ ಅದನ್ನು ನಿಲ್ಲಿಸುವ ಬೈಮೆಟಲ್ ಸ್ವಿಚ್ಚು, ಟೈಮರ್ ಈ ಮೂರರಲ್ಲಿ ಯಾವುದು ಎಂದು ನೋಡಬೇಕು. ಹೀಟರಿನ ಓಮ್ ಲೆಕ್ಕ ಸುಲಭ: ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ವ್ಯಾಟ್‌ನಿಂದ ಭಾಗಿಸಿ. 230 ವೋಲ್ಟಿನ 200 ವ್ಯಾಟ್ ಹೀಟರ್ ಸುಮಾರು 264 ಓಮ್ ತೋರಿಸಬೇಕು. ಬೈಮೆಟಲ್ ಕೋಣೆಯ ಉಷ್ಣತೆಯಲ್ಲಿ ತೆರೆದೇ ಇರುತ್ತದೆ. ಹಾಗಾಗಿ ಬೆಂಚಿನ ಮೇಲೆ ಕಂಟಿನ್ಯುಟಿ ಇಲ್ಲವೆಂದು ಅದನ್ನು ಎಸೆಯಬಾರದು. ಪುಡಿ ಮಾಡಿದ ಐಸಿಗೆ ಉಪ್ಪು ಬೆರೆಸಿ, ಬೈಮೆಟಲನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹತ್ತು ನಿಮಿಷ ಅದರಲ್ಲಿ ಹೂಳಿ. ಆಗಲೂ ಮುಚ್ಚಿಕೊಳ್ಳದಿದ್ದರೆ ಬದಲಿಸಿ.

ಕಾಯಿಲ್ ತುಂಬ ಸಮನಾದ ತೆಳು ಐಸ್ ಇದ್ದೂ ಒಳಗೆ ಬೆಚ್ಚಗಿದ್ದರೆ ಫ್ಯಾನ್ ನೋಡಿ. ಬಾಗಿಲ ಸ್ವಿಚ್ ಒತ್ತಿ ಹಿಡಿಯದೆ ಫ್ಯಾನ್ ತಿರುಗದ ಮಾದರಿಗಳಿವೆ, ಮರೆಯಬೇಡಿ.

ಫ್ಯಾನಿಲ್ಲದ ಹಳೆಯ ಮಾದರಿಯಲ್ಲಿ ಎಲ್ಲ ಕಡೆ ಐಸ್ ಆರು ಮಿಲಿಮೀಟರ್ ದಾಟಿದರೆ ಅದೇ ಕಂಬಳಿಯಂತೆ ಶಾಖವನ್ನು ತಡೆಯುತ್ತದೆ, ಕರಗಿಸಿದರೆ ಸಾಕು. ಚಾಕು, ಸ್ಕ್ರೂಡ್ರೈವರ್ ಹಾಕಿ ಕೀಳಲು ಹೋಗಬೇಡಿ. ಅಲ್ಯೂಮಿನಿಯಂ ತಟ್ಟೆಯ ಒಳಗೇ ಗ್ಯಾಸಿನ ದಾರಿ ಇದೆ. ಬಿಸಿನೀರಿನ ಪಾತ್ರೆ ಒಳಗಿಟ್ಟು ಬಾಗಿಲು ಮುಚ್ಚಿದರೆ ತಾನೇ ಕಳಚಿ ಬೀಳುತ್ತದೆ.

ಈಗ ಗ್ಯಾಸ್. ಕಾಯಿಲಿನ ಮೊದಲ ಒಂದೆರಡು ಸುತ್ತಿನಲ್ಲಿ ಮಾತ್ರ ಐಸ್, ಉಳಿದದ್ದು ಬರಿದು, ಕಂಪ್ರೆಸರ್ ನಿಲ್ಲುವುದೇ ಇಲ್ಲ, ಹೊರಗಿನ ಕಾಯಿಲ್ ಸ್ವಲ್ಪವೇ ಬೆಚ್ಚಗೆ, ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ನೇಮ್‌ಪ್ಲೇಟಿಗಿಂತ ಕಡಿಮೆ: ಇವೆಲ್ಲ ಒಟ್ಟಿಗೆ ಸಿಕ್ಕರೆ ಗ್ಯಾಸ್ ಕಡಿಮೆ ಎನ್ನಬಹುದು. ಕ್ಯಾಪಿಲರಿ, ಅಂದರೆ ಒಳಗಿನ ಕಾಯಿಲಿಗೆ ಗ್ಯಾಸ್ ಬಿಡುವ ಕೂದಲೆಳೆಯಂಥ ಕೊಳವೆ, ಚೋಕ್ ಆಗಿ ಕಟ್ಟಿಕೊಂಡಿದ್ದರೂ ಹೀಗೇ ಕಾಣುತ್ತದೆ. ಬೇರ್ಪಡಿಸಲು ಕಿವಿ ಬೇಕು. ಕಂಪ್ರೆಸರ್ ನಿಲ್ಲಿಸಿ ಕಾಯಿಲಿಗೆ ಕಿವಿಗೊಡಿ. ಸರಿಯಿರುವ ಯಂತ್ರದಲ್ಲಿ ಕೆಲವು ನಿಮಿಷ ‘ಸ್ಸ್’ ಎಂಬ ಹರಿವಿನ ಸದ್ದು ಕೇಳುತ್ತದೆ. ಪೂರ್ತಿ ಚೋಕ್ ಆಗಿದ್ದರೆ ನಿಶ್ಶಬ್ದ. ಕೂಲಿಂಗ್ ಬಂದು ಹೋಗಿ ಮಾಡುತ್ತಿದ್ದರೆ ಒಳಗೆ ನೀರಿನಂಶ ಸೇರಿ ಕ್ಯಾಪಿಲರಿ ತುದಿಯಲ್ಲಿ ಹೆಪ್ಪುಗಟ್ಟುತ್ತಿದೆ. ಆ ತುದಿಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿದಾಗ ಸದ್ದು ಮರಳಿದರೆ ಖಾತ್ರಿ. ಐಸೂ ಇಲ್ಲ, ಆಂಪಿಯರೂ ಕಡಿಮೆ, ಆದರೆ ಪ್ರೆಶರ್ ನೋಡಿದರೆ ಗ್ಯಾಸ್ ಇದೆ ಎಂದಾದರೆ ಕಂಪ್ರೆಸರಿನ ವಾಲ್ವ್ ಸವೆದಿರುತ್ತದೆ.

ಗ್ಯಾಸ್ ಕಡಿಮೆಯಾಗಿದ್ದರೆ ಬರೀ ತುಂಬಿಸುವುದು ರಿಪೇರಿಯಲ್ಲ. ಲೀಕ್ ಹುಡುಕಿ ಮುಚ್ಚಬೇಕು, ಕಸ, ನೀರಿನಂಶ ಹಿಡಿಯುವ ಫಿಲ್ಟರ್ ಡ್ರೈಯರ್ ಹೊಸದು ಹಾಕಬೇಕು, ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ವ್ಯಾಕ್ಯೂಮ್ ಮಾಡಬೇಕು, ಆಮೇಲೆ ನೇಮ್‌ಪ್ಲೇಟಿನಲ್ಲಿರುವಷ್ಟೇ ಗ್ರಾಂ ತೂಗಿ ಹಾಕಬೇಕು. ಒತ್ತಡ ಕೊಟ್ಟು ಪರೀಕ್ಷಿಸಲು ಒಣ ನೈಟ್ರೋಜನ್ ಮಾತ್ರ. ಆಕ್ಸಿಜನ್ ಎಂದೂ ಕೂಡದು, ಎಣ್ಣೆಯೊಡನೆ ಸೇರಿ ಸ್ಫೋಟಿಸುತ್ತದೆ. ಲೀಕ್ ಜಾಗದಲ್ಲಿ ಎಣ್ಣೆಯ ಜಿಡ್ಡು ಕಲೆ ಇರುತ್ತದೆ, ಮೊದಲು ಅದನ್ನು ಕಣ್ಣಲ್ಲೇ ಹುಡುಕಿ. ಆರ್-600ಎ ಎಂಬ ಗ್ಯಾಸಿನ ಯಂತ್ರ ಓಡುವಾಗ ಲೋ ಸೈಡ್ (ಒಳಗಿನ ಕಾಯಿಲಿನಿಂದ ಕಂಪ್ರೆಸರಿಗೆ ಮರಳುವ ಕಡೆ) ಒತ್ತಡ ಹೊರಗಾಳಿಗಿಂತ ಕಡಿಮೆ ಇರುತ್ತದೆ. ಆಗ ಸೋಪು ನೀರು ಹಚ್ಚಿದರೆ ಗುಳ್ಳೆ ಬರದು. ನಿಲ್ಲಿಸಿ ನೋಡಬೇಕು.

ಆರ್-600ಎ ಎಂದರೆ ಐಸೊಬ್ಯೂಟೇನ್, ಹೊತ್ತಿಕೊಳ್ಳುವ ಅನಿಲ. ಅದಿರುವ ಪೈಪಿಗೆ ಬೆಂಕಿ ಹಿಡಿಯುವ ಹಾಗೇ ಇಲ್ಲ. ಇದನ್ನು ತರಬೇತಿ ಪಡೆದವರಿಗೇ ಬಿಡಿ. ತೀರಾ ಹಳೆಯದರಲ್ಲಿ ಆರ್-12 ಎಂಬ ಗ್ಯಾಸ್ ಇರಬಹುದು. ಓಜೋನ್ ಪದರಕ್ಕೆ ಹಾನಿ ಮಾಡುವ ಇದನ್ನು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಹಂತಹಂತವಾಗಿ ನಿಲ್ಲಿಸಲಾಯಿತು, ಗಾಳಿಗೆ ಬಿಡಬಾರದು. ಅದರ ಜಾಗದಲ್ಲಿ ಆಮೇಲೆ ಬಂದ ಗ್ಯಾಸಾದ ಆರ್-134ಎ ನೇರವಾಗಿ ಹಾಕುವಂತೆಯೂ ಇಲ್ಲ, ಎರಡಕ್ಕೂ ಬೇಕಾದ ಎಣ್ಣೆಯೇ ಬೇರೆ. ಲೀಕ್ ಇರುವುದು ಗೋಡೆಯ ಫೋಮಿನೊಳಗೆ ಹೂತ ಪೈಪಿನಲ್ಲಾದರೆ ರಿಪೇರಿಗೆ ದುಡ್ಡು ಸುರಿಯುವುದು ವ್ಯರ್ಥ.

ರಿಪೇರಿ ಮುಗಿದ ಮೇಲೆ ಖಾಲಿಯಾಗಿಯೇ 24 ಗಂಟೆ ಓಡಿಸಿ. ಮೈನಸ್ 18 ಮುಟ್ಟಿ ಕಂಪ್ರೆಸರ್ ತಾನಾಗಿ ಕಟ್ ಆಗುತ್ತಿದೆಯೇ ನೋಡಿ, ಆಮೇಲಷ್ಟೇ ಸಾಮಾನು ತುಂಬಿಸಿ, ಅದೂ ಸ್ವಲ್ಪಸ್ವಲ್ಪವಾಗಿ.