ಎರಡನೆಯ ಸ್ಕಿಡ್

ಪ್ರತಿ ವರ್ಷ ನವೆಂಬರ್‌ನಲ್ಲಿ, ರಸ್ತೆಯ ಮೇಲಿನ ತೇವ ಮೊದಲ ಬಾರಿಗೆ ಹೆಪ್ಪುಗಟ್ಟಿದ ವಾರ ಕಳೆದ ಮೇಲೆ, ನನ್ನ ಚಾಲನಾ ತರಬೇತಿಗೆ ಬರುವವರಲ್ಲಿ ಒಬ್ಬರಾದರೂ ಜಜ್ಜಿಹೋದ ಕಾರಿನ ಚಿತ್ರವನ್ನು ಫೋನಿನಲ್ಲಿ ತೋರಿಸುತ್ತಾರೆ. ನಾನು ಅವರಿಗೆ ಎರಡೇ ಪ್ರಶ್ನೆ ಕೇಳುತ್ತೇನೆ. ಮೊದಲು ಜಾರಿದ್ದು ಕಾರಿನ ಹಿಂಭಾಗವೇ? ತಿರುವು ಯಾವ ಕಡೆಗಿತ್ತು? ಹಿಂಭಾಗವೇ ಜಾರಿತು, ತಿರುವು ಬಲಕ್ಕಿತ್ತು ಎಂದು ಹೇಳಿದವರ ಕಾರಿನಲ್ಲಿ ಎಡಗಡೆಯ ಮೂತಿ ಪುಡಿಯಾಗಿದ್ದರೆ, ಮುಂದಿನ ಕತೆಯನ್ನು ಬಹುಮಟ್ಟಿಗೆ ನಾನೇ ಊಹಿಸಬಲ್ಲೆ. ಅವರು ಮೊದಲ ಸ್ಕಿಡ್‌ನಿಂದ ಪಾರಾಗಿದ್ದರು. ಕಾರನ್ನು ಕೆಡಿಸಿದ್ದು ಎರಡನೆಯದು.

ನಾನಿರುವುದು ದಕ್ಷಿಣ ಜರ್ಮನಿಯಲ್ಲಿ. ಅದಕ್ಕೂ ಮೊದಲು ಹಲವು ಚಳಿಗಾಲಗಳನ್ನು ಸ್ವೀಡನ್ನಿನ ಉತ್ತರದಲ್ಲಿರುವ ಆರ್ಯೆಪ್ಲೋಗ್ ಎಂಬ ಪುಟ್ಟ ಊರಿನಲ್ಲಿ ಕಳೆದಿದ್ದೇನೆ. ಅಲ್ಲಿನ ಸರೋವರಗಳು ಹೆಪ್ಪುಗಟ್ಟಿದ ಮೇಲೆ ಯುರೋಪಿನ ಕಾರು ತಯಾರಕರು ಮಂಜುಗಡ್ಡೆಯ ಮೇಲೆಯೇ ದಾರಿಗಳನ್ನು ಉಜ್ಜಿ ಸಿದ್ಧಪಡಿಸಿ ತಮ್ಮ ಹೊಸ ಕಾರುಗಳನ್ನು ಪರೀಕ್ಷಿಸುತ್ತಾರೆ. ಈಗ ನನ್ನ ಬಳಿ ಬರುವವರಲ್ಲಿ ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆಯ ಕನ್ನಡಿಗರೂ ಇದ್ದಾರೆ. ಐದಾರು ವರ್ಷ ದುಡಿದು, ಮನೆಗೆ ಕಳಿಸಬೇಕಾದ್ದನ್ನು ಕಳಿಸಿ, ಉಳಿಸಿದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡಿರುವ ಹುಡುಗರು ಅವರು. ಹಾಸನದಲ್ಲೋ ಧಾರವಾಡದಲ್ಲೋ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರದ ಕಾರು ಇಂದು ತಮ್ಮ ಮನೆಯ ಮುಂದೆ ನಿಂತಿದೆಯೆಂಬ ಸಂತೋಷ ಅವರ ಮುಖದಲ್ಲಿ ಕಾಣುತ್ತದೆ, ಮತ್ತು ಆ ಸಂತೋಷವನ್ನು ನಾನು ಗೌರವಿಸುತ್ತೇನೆ. ಆದ್ದರಿಂದಲೇ ಅದೇ ತಪ್ಪನ್ನು ಮತ್ತೆ ಮತ್ತೆ ನೋಡಿದಾಗ ತಾಳ್ಮೆ ಕೆಡುತ್ತದೆ.

ಟೈರಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಉಷ್ಣತೆ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರು ಗಡಸಾಗುತ್ತಾ ಹೋಗುತ್ತದೆ. ಹಿಮ ಅಥವಾ ಮಂಜುಗಡ್ಡೆ ಇರುವ ರಸ್ತೆಯಲ್ಲಿ ಬೇಸಿಗೆ ಟೈರು ಹಾಕಿಕೊಂಡು ಓಡಿಸುವುದು ಜರ್ಮನಿಯಲ್ಲಿ ಕಾನೂನಿಗೂ ವಿರುದ್ಧ. 2024ರ ಅಕ್ಟೋಬರ್‌ನಿಂದ ಟೈರಿನ ಮೇಲೆ ಬೆಟ್ಟದೊಳಗೆ ಹಿಮದ ಹರಳಿರುವ ಗುರುತು ಇರಲೇಬೇಕು. ಇದನ್ನು ಪಾಲಿಸದವರಿಗೆ ಈ ಅಂಕಣದ ಮುಂದಿನ ಮಾತುಗಳಿಂದ ಪ್ರಯೋಜನವಿಲ್ಲ. ವೇಗದ ಬಗ್ಗೆಯೂ ಅಷ್ಟೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಬ್ರೇಕ್ ಹಿಡಿದ ಮೇಲೆ ಒಣ ಡಾಂಬರಿನಲ್ಲಿ ಸುಮಾರು 12 ಮೀಟರಿನಲ್ಲಿ ನಿಂತರೆ, ಅದುಮಿ ಗಟ್ಟಿಯಾದ ಹಿಮದಲ್ಲಿ ಸುಮಾರು 40 ಮೀಟರ್, ಮಂಜುಗಡ್ಡೆಯಲ್ಲಿ ಸುಮಾರು 100 ಮೀಟರ್ ಬೇಕಾಗುತ್ತದೆ.

ಈಗ ನಾನು ಹೇಳಬೇಕಾದ ಮಾತು. ‘ಹಿಂಭಾಗ ಜಾರಿದ ಕಡೆಗೇ ಸ್ಟೀರಿಂಗ್ ತಿರುಗಿಸಿ’ ಎಂಬ ಸಲಹೆಯನ್ನು ಎಲ್ಲರೂ ಕೇಳಿದ್ದಾರೆ, ಎಲ್ಲರೂ ಒಪ್ಪಿಸುತ್ತಾರೆ. ಆ ಸಲಹೆ ತಪ್ಪಲ್ಲ, ಅದು ಅರ್ಧ ಮಾತ್ರ. ಬಲತಿರುವಿನಲ್ಲಿ ಹಿಂಭಾಗ ಎಡಕ್ಕೆ ಜಾರಿತೆಂದುಕೊಳ್ಳಿ. ಮೂತಿ ಬಲಕ್ಕೆ ಹೊರಳುತ್ತದೆ, ಚಾಲಕ ಸ್ಟೀರಿಂಗನ್ನು ಎಡಕ್ಕೆ ತಿರುಗಿಸುತ್ತಾನೆ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇದೆ. ಆಮೇಲೆ ಅವನು ಭಯದಿಂದಲೋ, ಕೆಲಸ ಮುಗಿಯಿತೆಂಬ ನಂಬಿಕೆಯಿಂದಲೋ, ಕಾರಿನ ಮೂತಿ ನೇರವಾಗುವವರೆಗೆ ಸ್ಟೀರಿಂಗನ್ನು ಹಾಗೆಯೇ ಹಿಡಿದುಕೊಂಡು ಕಾಯುತ್ತಾನೆ. ಅಷ್ಟರಲ್ಲಿ ಹಿಂದಿನ ಟೈರುಗಳಿಗೆ ಹಿಡಿತ ಮರಳಿ ಸಿಗುತ್ತದೆ. ಮುಂದಿನ ಚಕ್ರಗಳು ಇನ್ನೂ ಎಡಕ್ಕೇ ನೋಡುತ್ತಿವೆ. ಹಿಡಿತ ಸಿಕ್ಕ ಕಾರು ಚಕ್ರ ತೋರಿಸಿದ ಕಡೆಗೆ ಹೋಗದೆ ಇನ್ನೆಲ್ಲಿಗೆ ಹೋದೀತು? ಅದು ಒಮ್ಮೆಲೇ ಎಡಕ್ಕೆ ನುಗ್ಗುತ್ತದೆ, ಹಿಂಭಾಗ ಮೊದಲಿಗಿಂತ ರಭಸದಿಂದ ಬಲಕ್ಕೆ ಬೀಸುತ್ತದೆ. ವಾಹನಗಳು ಬಲಬದಿಯಲ್ಲಿ ಓಡುವ ಈ ದೇಶದಲ್ಲಿ ಎಡಗಡೆಯೆಂದರೆ ಎದುರಿನಿಂದ ಬರುವವರ ದಾರಿ.

ಜೋಕಾಲಿಯನ್ನು ನಿಲ್ಲಿಸಿ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ತೂಗುತ್ತಿರುವ ಮಗುವಿನ ಜೋಕಾಲಿಯನ್ನು, ಅದು ನಡುವಿಗೆ ಬರುವವರೆಗೂ ಒಂದೇ ಕಡೆಗೆ ತಳ್ಳುತ್ತಲೇ ಇದ್ದರೆ ಅದು ನಡುವಿನಲ್ಲಿ ನಿಲ್ಲುವುದಿಲ್ಲ, ಆಚೆ ಬದಿಗೆ ಇನ್ನೂ ಎತ್ತರಕ್ಕೆ ಹೋಗುತ್ತದೆ. ನಡುವಿಗೆ ಬರುವ ಮೊದಲೇ ಕೈ ಸಡಿಲಿಸಬೇಕು. ಕಾರಿನ ವಿಷಯದಲ್ಲೂ ಗಮನಿಸಬೇಕಾದ ಕ್ಷಣ ಮೂತಿ ನೇರವಾದ ಕ್ಷಣವಲ್ಲ, ಹಿಂಭಾಗ ಹೊರಕ್ಕೆ ಹೊರಳುವುದು ನಿಂತ ಕ್ಷಣ. ಆಗ ಕಾರು ಇನ್ನೂ ಓರೆಯಾಗಿಯೇ ಇರುತ್ತದೆ, ಕಣ್ಣಿಗೆ ಅಪಾಯ ಮುಗಿದಂತೆ ಕಾಣುವುದೇ ಇಲ್ಲ. ಆದರೂ ಆಗಲೇ ಸ್ಟೀರಿಂಗನ್ನು ನಡುವಿಗೆ ತರಲು ಆರಂಭಿಸಬೇಕು. ಕಾರು ನೇರವಾಗುವ ಹೊತ್ತಿಗೆ ಸ್ಟೀರಿಂಗ್ ಆಗಲೇ ನೇರವಾಗಿರಬೇಕು. ಈ ಒಂದು ಮಾತನ್ನು ಒಂದೇ ದಿನದಲ್ಲಿ ನಾನು ಮೂವತ್ತು ಸಲ ಹೇಳಿದ್ದುಂಟು, ತಲೆಯಾಡಿಸಿದವರೇ ಮರುಗಳಿಗೆಯಲ್ಲಿ ಸ್ಟೀರಿಂಗನ್ನು ಬಿಗಿಹಿಡಿದು ಕೂತದ್ದೂ ಉಂಟು.

ಸ್ಪೋರ್ಟ್ಸ್ ಕಾರಿನಲ್ಲಿ ಇದು ಹೆಚ್ಚು ಕಠಿಣವಾಗುವುದಕ್ಕೆ ಕಾರಣಗಳಿವೆ. ಮನೆಮಂದಿಯ ಕಾರಿಗಿಂತ ಅದರ ಸ್ಟೀರಿಂಗ್ ಚುರುಕು, ಕೈ ಸ್ವಲ್ಪ ತಿರುಗಿದರೂ ಚಕ್ರ ಹೆಚ್ಚು ತಿರುಗುತ್ತದೆ. ಎಂಜಿನ್ ನಡುವಿನಲ್ಲಿರುವ ಕಾರು ತನ್ನ ಸುತ್ತ ತಾನೇ ಬೇಗ ತಿರುಗುತ್ತದೆ, ಅಷ್ಟೇ ಬೇಗ ಮರಳಿಯೂ ಬರುತ್ತದೆ. ಪೋರ್ಷೆ 911ರಂತೆ ಎಂಜಿನ್ ಹಿಂದಿನ ಚಕ್ರಗಳ ಅಚ್ಚಿನಿಂದಲೂ ಹಿಂದಿರುವ ಕಾರಿನಲ್ಲಿ ಭಾರವೆಲ್ಲ ಬಾಲದಲ್ಲಿ ಕೂತಿರುವುದರಿಂದ, ಒಮ್ಮೆ ಬೀಸಲು ಆರಂಭಿಸಿದ ಹಿಂಭಾಗವನ್ನು ತಡೆಯುವುದು ಸುಲಭವಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ರಸ್ತೆ. ಜರ್ಮನಿಯ ಚಳಿಗಾಲದ ರಸ್ತೆ ಉದ್ದಕ್ಕೂ ಒಂದೇ ರೀತಿ ಇರುವುದಿಲ್ಲ. ಕೆಳಗಿನಿಂದಲೂ ಗಾಳಿ ಬೀಸುವ ಸೇತುವೆ ಮೊದಲು ಹೆಪ್ಪುಗಟ್ಟುತ್ತದೆ, ಅದನ್ನು ದಾಟಿದ ಕೂಡಲೇ ಒಣ ಡಾಂಬರು ಬರುತ್ತದೆ. ಸೇತುವೆಯ ಮೇಲೆ ಒಂದು ಪಾಲು ಇದ್ದ ಹಿಡಿತ ಒಂದು ಗಜದೊಳಗೆ ಎಂಟು ಪಾಲಾಗುತ್ತದೆ. ಎರಡನೆಯ ಸ್ಕಿಡ್‌ಗೆ ಇಷ್ಟೊಂದು ರಭಸ ಬರುವುದು ಅಲ್ಲಿಂದಲೇ.

ಆರ್ಯೆಪ್ಲೋಗ್‌ನ ಸರೋವರದ ಮೇಲೆ ಈ ಪಾಠ ಸರಿಯಾಗಿ ಮನದಟ್ಟಾಗದಿರುವುದಕ್ಕೂ ಇದೇ ಕಾರಣ. ಅಲ್ಲಿ ಎಲ್ಲೆಲ್ಲೂ ಮಂಜುಗಡ್ಡೆಯೇ. ಕಾರು ನಿಧಾನವಾಗಿ ಜಾರುತ್ತದೆ, ನಿಧಾನವಾಗಿ ಮರಳುತ್ತದೆ, ತಡವಾಗಿ ಕೈ ಸಡಿಲಿಸಿದವನನ್ನೂ ಅದು ಕ್ಷಮಿಸುತ್ತದೆ, ಹೆಚ್ಚೆಂದರೆ ಹಿಮದ ದಿಬ್ಬಕ್ಕೆ ಮೆತ್ತಗೆ ಒರಗಿ ನಿಲ್ಲುತ್ತದೆ. ಮೈನಸ್ 20 ಡಿಗ್ರಿಯ ಒಣ ಮಂಜುಗಡ್ಡೆ, ಸೊನ್ನೆಯ ಆಸುಪಾಸಿನಲ್ಲಿ ನೀರೂರಿದ ಮಂಜುಗಡ್ಡೆಗಿಂತ ಹೆಚ್ಚು ಹಿಡಿತ ಕೊಡುತ್ತದೆ ಎಂಬುದನ್ನೂ ಹೆಚ್ಚಿನವರು ನಂಬುವುದಿಲ್ಲ. ಅಂಥ ಸರೋವರದ ಮೇಲೆ ಒಂದು ವಾರಾಂತ್ಯ ಕಾರು ಜಾರಿಸಿ ಬಂದವರ ಆತ್ಮವಿಶ್ವಾಸ ನನಗೆ ಆತಂಕ ತರುತ್ತದೆ.

‘ಕಾರಿನಲ್ಲಿ ಇಎಸ್‌ಪಿ ಇದೆಯಲ್ಲ, ಸಾರ್?’ ಎಂದು ಕೇಳುವವರಿಗೆ ನನ್ನ ಉತ್ತರ ಸ್ವಲ್ಪ ದೀರ್ಘವಾದದ್ದು. ಕಾರು ಜಾರಿ ಸುತ್ತದಂತೆ ತಡೆಯಲು ನೆರವಾಗುವ ಈ ಎಲೆಕ್ಟ್ರಾನಿಕ್ ವ್ಯವಸ್ಥೆ 1995ರಲ್ಲಿ ಮರ್ಸಿಡಿಸ್‌ನ ದೊಡ್ಡ ಕಾರಿನಲ್ಲಿ ಮೊದಲು ಬಂತು, 2014ರ ನವೆಂಬರ್‌ನಿಂದ ಯುರೋಪಿಯನ್ ಒಕ್ಕೂಟದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು, ಅದರಿಂದ ಅನೇಕ ಜೀವಗಳು ಉಳಿದಿವೆ. ಅದನ್ನು ಆಫ್ ಮಾಡುವ ಗುಂಡಿಯನ್ನು, ಆಳವಾದ ಹಿಮದಲ್ಲಿ ಹೂತುಹೋದ ಕಾರನ್ನು ಹೊರತೆಗೆಯುವಾಗ ಹೊರತು, ಯಾರೂ ಮುಟ್ಟಬಾರದು. ಆದರೆ ಅದು ಕೆಲಸ ಮಾಡುವ ಬಗೆಯನ್ನು ತಿಳಿದಿರಬೇಕು. ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ ಎಂಬುದನ್ನೂ ಸ್ಟೀರಿಂಗ್ ಎತ್ತ ತಿರುಗಿದೆ ಎಂಬುದನ್ನೂ ಹೋಲಿಸಿ ನೋಡಿ, ಅವೆರಡೂ ಹೊಂದದಿದ್ದರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಅದು ಕಾರನ್ನು ಸರಿದಾರಿಗೆ ಎಳೆಯುತ್ತದೆ. ಸರಿದಾರಿ ಯಾವುದೆಂದು ಅದಕ್ಕೆ ತಿಳಿಸುವುದು ನಿಮ್ಮ ಸ್ಟೀರಿಂಗ್ ಮಾತ್ರ. ನೀವು ಸ್ಟೀರಿಂಗನ್ನು ಎಡಕ್ಕೆ ಹಿಡಿದು ಕೂತಿದ್ದರೆ, ಈ ಚಾಲಕ ಎಡಕ್ಕೆ ಹೋಗಬಯಸುತ್ತಾನೆಂದೇ ಅದು ತಿಳಿಯುತ್ತದೆ. ಮುಂದೆ ಬರುತ್ತಿರುವ ಲಾರಿ ಅದಕ್ಕೆ ಕಾಣುವುದಿಲ್ಲ.

ಪೆಡಲುಗಳ ಬಗ್ಗೆ ಎಚ್ಚರಿಕೆಯಿಂದಲೇ ಹೇಳಬೇಕು, ಏಕೆಂದರೆ ಕಾರಿನಿಂದ ಕಾರಿಗೆ ವ್ಯತ್ಯಾಸವಿದೆ. ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಕಾರಿನಲ್ಲಿ ಆಕ್ಸಿಲರೇಟರ್ ಹೆಚ್ಚು ಒತ್ತಿದ್ದರಿಂದ ಜಾರಿದ್ದರೆ ಕಾಲನ್ನು ಮೃದುವಾಗಿ ಹಿಂತೆಗೆಯಬೇಕು. ತಟ್ಟನೆ ಎತ್ತಿದರೆ ಎಂಜಿನ್ನೇ ಹಿಂದಿನ ಚಕ್ರಗಳಿಗೆ ಬ್ರೇಕಾಗುತ್ತದೆ, ಜಾರುವುದು ಹೆಚ್ಚುತ್ತದೆ. ಮ್ಯಾನುವಲ್ ಗೇರಿನವರು ಕ್ಲಚ್ ಒತ್ತುವುದು ಒಳ್ಳೆಯದು. ಆಟೊಮ್ಯಾಟಿಕ್ ಕಾರಿನಲ್ಲಿ ಆ ಗಳಿಗೆಯಲ್ಲಿ ನ್ಯೂಟ್ರಲ್ ಹುಡುಕುತ್ತಾ ಕೂರಬೇಡಿ, ಕೈಗಳು ಸ್ಟೀರಿಂಗ್ ಮೇಲೆಯೇ ಇರಲಿ. ಕಾರು ಪೂರ್ತಿ ಅಡ್ಡ ತಿರುಗಿಬಿಟ್ಟರೆ ಸಾಹಸ ಬೇಡ, ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಿರಿ. ಹಿಂಭಾಗವಲ್ಲದೆ ಮುಂಭಾಗ ಜಾರುತ್ತಿದ್ದರೆ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸದೆ, ತಿರುಗಿಸಿದ್ದನ್ನು ಸ್ವಲ್ಪ ಸಡಿಲಿಸಿ, ವೇಗ ಇಳಿದು ಹಿಡಿತ ಮರಳಲು ಬಿಡಿ. ಇವನ್ನೆಲ್ಲ ಸಾರ್ವಜನಿಕ ರಸ್ತೆಯಲ್ಲಾಗಲಿ, ಮಾಲ್‌ಗಳ ಖಾಲಿ ಪಾರ್ಕಿಂಗ್ ಜಾಗದಲ್ಲಾಗಲಿ ಅಭ್ಯಾಸ ಮಾಡಬಾರದು. ಅದಕ್ಕೆಂದೇ ತರಬೇತಿ ಕೇಂದ್ರಗಳಿವೆ.

ಕಳೆದ ಚಳಿಗಾಲದಲ್ಲಿ ಎಡಮೂತಿ ಜಜ್ಜಿದ ಕಾರಿನ ಚಿತ್ರ ತೋರಿಸಿದವರಲ್ಲಿ ದಾವಣಗೆರೆಯ ಕಡೆಯ ಒಬ್ಬ ಎಂಜಿನಿಯರ್ ಇದ್ದರು. ಬೆಳಗಿನ ಏಳು ಗಂಟೆ, ಸೇತುವೆ ಮುಗಿದು ಬಲಕ್ಕೆ ತಿರುಗುವ ರಸ್ತೆ, ಎದುರಿನ ದಾರಿಯಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ. ‘ಸಾರ್, ಹೇಳಿಕೊಟ್ಟ ಹಾಗೆಯೇ ಮಾಡಿದೆ, ಜಾರಿದ ಕಡೆಗೇ ತಿರುಗಿಸಿದೆ’ ಎಂದು ಅವರು ಹೇಳುವಾಗ ದನಿಯಲ್ಲಿ ನೋವಿತ್ತು. ಹೇಳಿಕೊಟ್ಟವರು ಪೂರ್ತಿ ಹೇಳಿಕೊಟ್ಟಿರಲಿಲ್ಲ.

ಅವರ ಸ್ಟೀರಿಂಗಿನ ನೆತ್ತಿಯಲ್ಲಿ ನಾನು ಒಂದು ಬೆರಳಗಲದ ಹಳದಿ ಟೇಪು ಸುತ್ತಿದೆ. ರ‍್ಯಾಲಿ ಕಾರುಗಳಲ್ಲಿ ಇಂಥ ಗುರುತು ಸಾಮಾನ್ಯ. ಗಾಬರಿಯಲ್ಲಿರುವ ಮನುಷ್ಯನಿಗೆ ಸ್ಟೀರಿಂಗಿನ ನಡು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ನಮ್ಮ ಕೇಂದ್ರದಲ್ಲಿ ನೆಲಕ್ಕೆ ಹೂತಿರುವ ಒಂದು ಉಕ್ಕಿನ ಹಲಗೆಯಿದೆ. ಕಾರಿನ ಹಿಂದಿನ ಚಕ್ರಗಳು ಅದರ ಮೇಲೆ ಬಂದ ಕ್ಷಣದಲ್ಲಿ ಅದು ಪಕ್ಕಕ್ಕೆ ಸರಿದು ಹಿಂಭಾಗವನ್ನು ಒದೆಯುತ್ತದೆ, ಎಡಕ್ಕೋ ಬಲಕ್ಕೋ ಚಾಲಕನಿಗೆ ಮೊದಲು ಗೊತ್ತಿರುವುದಿಲ್ಲ. ಅದರಾಚೆ ನೀರು ಹರಿಯುವ ನುಣುಪಾದ ನೆಲ. ಮೊದಲ ಆರು ಸುತ್ತಿನಲ್ಲೂ ಅವರು ಒಂದು ಕಡೆ ಉಳಿಸಿಕೊಂಡು ಇನ್ನೊಂದು ಕಡೆ ಗಿರ್ರನೆ ಸುತ್ತಿದರು. ನಾನು ಪಕ್ಕದ ಸೀಟಿನಲ್ಲಿ ಕೂತು ಪ್ರತಿ ಸಲ ಕಾರು ನಿಂತ ಮೇಲೆ ಒಂದೇ ಪ್ರಶ್ನೆ ಕೇಳುತ್ತಿದ್ದೆ, ‘ಟೇಪು ಎಲ್ಲಿದೆ?’ ಅದು ಪ್ರತಿ ಸಲವೂ ಅವರ ಮೊಣಕಾಲಿನ ಹತ್ತಿರ ಇರುತ್ತಿತ್ತು.

ಆಮೇಲೆ ನಾನು ಹಲಗೆಯನ್ನೂ ರಸ್ತೆಯನ್ನೂ ಮರೆತುಬಿಡಿ ಎಂದೆ. ದೂರದಲ್ಲಿ ಕಾಣುವ ಕಿತ್ತಳೆ ಬಣ್ಣದ ಕೋನ್ ಒಂದನ್ನೇ ನೋಡುತ್ತಿರಿ, ಕಾರು ಹೇಗೆ ತಿರುಗಿದರೂ ನಿಮ್ಮ ಕತ್ತು ಅದರ ಕಡೆಗೇ ಇರಲಿ ಎಂದೆ. ನೋಟ ಹೋದ ಕಡೆಗೆ ಕೈ ಹೋಗುತ್ತದೆ. ತಡೆಗಂಬಿಯನ್ನೇ ದಿಟ್ಟಿಸುವವನ ಕೈ ತಡೆಗಂಬಿಯ ಕಡೆಗೇ ಹೋಗುವುದನ್ನು ಹಲವು ಸಲ ನೋಡಿದ್ದೇನೆ. ಒಂಬತ್ತನೆಯ ಸುತ್ತಿನಲ್ಲಿ ಹಲಗೆ ಬಲಕ್ಕೆ ಒದೆಯಿತು, ಅವರ ಕೈ ಬಲಕ್ಕೆ ಹೋಯಿತು, ಕಾರು ಇನ್ನೂ ಓರೆಯಾಗಿದ್ದಾಗಲೇ ಹಳದಿ ಟೇಪು ಮೆಲ್ಲಗೆ ಮೇಲಕ್ಕೆ ಬಂದು ನಿಂತಿತು. ಅದರ ಹಿಂದೆಯೇ ಮೂತಿ ನೇರವಾಯಿತು. ಏನು ಮಾಡಿದಿರಿ ಎಂದು ಕೇಳಿದರೆ, ಏನೂ ಮಾಡಲಿಲ್ಲ ಸಾರ್, ಕೋನ್ ನೋಡುತ್ತಿದ್ದೆ ಎಂದರು. ಮಬ್ಬು ಕವಿಯುತ್ತಿತ್ತು, ಕೇಂದ್ರ ಮುಚ್ಚಲು ಕಾಲು ಗಂಟೆಯಿತ್ತು. ಇನ್ನು ಮೂರು ಸುತ್ತು ಹೋಗೋಣವೇ ಎಂದು ಅವರು ಕೇಳಿದಾಗ ನಾನು ಬೆಲ್ಟ್ ಬಿಚ್ಚಲಿಲ್ಲ.