ಬತ್ತೇರಿ ಅಂದರೇನು?

ಕಳೆದ ರಜೆಯಲ್ಲಿ ತಂಗಿಯ ಮಗನನ್ನು ಕರೆದುಕೊಂಡು ಮಂಗಳೂರಿನ ಬೋಳೂರಿಗೆ ಹೋಗಿದ್ದೆ. ದೋಣಿಯಲ್ಲಿ ತಣ್ಣೀರುಬಾವಿಗೆ ದಾಟುವ ಮೊದಲು ಅಲ್ಲಿನ ಹಳೆಯ ಕಾವಲು ಗೋಪುರ ಸುಲ್ತಾನ್ ಬತ್ತೇರಿ ಹತ್ತಿದೆವು. ಅವನು ಸುತ್ತಲೂ ನೋಡಿ ಕೇಳಿದ, "ಮಾಮ, ಇಲ್ಲಿ ಬ್ಯಾಟ್ರಿ ಎಲ್ಲಿ ಉಂಟು?" ಅವನಿಗೆ ಗೊತ್ತಿದ್ದದ್ದು ಟಾರ್ಚಿನ ಬ್ಯಾಟ್ರಿ. ಕೇಳಿದ್ದು ಮಾತ್ರ ಸರಿಯಾಗಿಯೇ ಇತ್ತು. ಎರಡೂ ಒಂದೇ ಪದ.

ಬ್ಯಾಟರಿ ಮೊದಲಿಗೆ ಸೈನ್ಯದ ಮಾತು. 'ಹೊಡೆ' ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಒಂದೇ ಕಡೆ ಸಾಲಾಗಿ ನಿಲ್ಲಿಸಿದ ಫಿರಂಗಿಗಳಿಗೆ ಆ ಹೆಸರು. ಆಮೇಲೆ ಅವು ನಿಂತ ಜಾಗಕ್ಕೂ ಅದೇ ಹೆಸರಾಯಿತು. ಕನ್ನಡದ ಬಾಯಲ್ಲಿ ಅದು ಬತ್ತೇರಿ, ಬತೇರಿ. ಚಿತ್ರದುರ್ಗದ ಕಡೆ ಕೋಟೆಯ ಬುರುಜಿಗೂ ಬತೇರಿ ಅನ್ನುತ್ತಾರೆ.

ನಮ್ಮ ಬತ್ತೇರಿಯನ್ನು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ. ಶತ್ರುಗಳ ಯುದ್ಧನೌಕೆ ಗುರುಪುರ ನದಿಯೊಳಗೆ ನುಗ್ಗಬಾರದು, ಅದಕ್ಕೆ. ಕಪ್ಪು ಕಲ್ಲಿನ ಗೋಡೆ, ಫಿರಂಗಿಯ ಬಾಯಿಗೆಂದು ಬಿಟ್ಟ ಕಿಂಡಿಗಳು, ಕೆಳಗೆ ಸಿಡಿಮದ್ದು ಇಡುವ ಕೋಣೆ. ಒಂದು ಕಿಂಡಿಗೆ ಕಣ್ಣಿಟ್ಟರೆ ಹೊರಗಿನ ಒಂದು ತುಂಡು ಮಾತ್ರ ಕಾಣುತ್ತದೆ. ಪಕ್ಕದ ಕಿಂಡಿಯಲ್ಲಿ ಅದರ ಮುಂದಿನ ತುಂಡು.

ಇಂದಿನ ಭಾರತೀಯ ಸೇನೆಯಲ್ಲಿ ಬ್ಯಾಟರಿ ಅಂದರೆ ಒಂದು ತಂಡ. ಪದಾತಿ ದಳಕ್ಕೆ ಕಂಪನಿ ಹೇಗೋ ಫಿರಂಗಿ ದಳಕ್ಕೆ ಬ್ಯಾಟರಿ ಹಾಗೆ. ಸಾಮಾನ್ಯವಾಗಿ ಒಂದು ಬ್ಯಾಟರಿಗೆ 6 ಗನ್, ಅಂದರೆ ಫಿರಂಗಿ. ಮೂರು ಬ್ಯಾಟರಿ ಸೇರಿದರೆ 18 ಗನ್‌ಗಳ ಒಂದು ರೆಜಿಮೆಂಟ್. ಬಾಂಬೆ ಮೌಂಟನ್ ಬ್ಯಾಟರಿ ಶುರುವಾದದ್ದು 1827ರ ಸೆಪ್ಟೆಂಬರ್ 28ರಂದು. ಫಿರಂಗಿ ದಳದವರು ಇವತ್ತಿಗೂ ಅದೇ ದಿನ ಗನ್ನರ್ಸ್ ಡೇ ಆಚರಿಸುತ್ತಾರೆ.

ಬೋಫೋರ್ಸ್ ಗನ್ನನ್ನೇ ನೋಡಿ. ಅದರ ನಳಿಗೆಯ ಬಾಯಿ 155 ಮಿಲಿಮೀಟರ್. ಒಂದೊಂದು ಶೆಲ್ ಸುಮಾರು 43 ಕೆಜಿ, ಸಿಮೆಂಟ್ ಮೂಟೆಗಿಂತ ಸ್ವಲ್ಪವೇ ಹಗುರ. ಅದು 20 ಕಿಲೋಮೀಟರಿಗಿಂತ ಜಾಸ್ತಿ ದೂರ ಹೋಗುತ್ತದೆ. ಬೋಳೂರಿನಿಂದ ಹಾರಿಸಿದರೆ ಸುರತ್ಕಲ್ ದಾಟಿ ಮೂಲ್ಕಿಯ ಹತ್ತಿರ! ಹಾಗಾಗಿ ಹಾರಿಸುವವರಿಗೆ ಗುರಿ ಕಾಣುವುದೇ ಇಲ್ಲ. ಮುಂದೆ ಎಲ್ಲೋ ಗುಡ್ಡದಲ್ಲಿ ಕೂತ ಅಧಿಕಾರಿಯೇ ಅವರ ಕಣ್ಣು. ಮೊದಲು ಒಂದು ಗನ್ ಹಾರಿಸುತ್ತಾರೆ. ಶೆಲ್ ಬಿದ್ದ ಜಾಗ ನೋಡಿ ಅವನು ರೇಡಿಯೋದಲ್ಲಿ ತಿದ್ದುತ್ತಾನೆ. ಇನ್ನೂ 200 ಮೀಟರ್ ಮುಂದೆ, ಸ್ವಲ್ಪ ಎಡಕ್ಕೆ. ಲೆಕ್ಕ ಕೂಡಿಬಂದ ಮೇಲೆ ಆರೂ ಗನ್ ಒಟ್ಟಿಗೆ ಹೊಡೆಯುತ್ತವೆ. ಒಂಟಿ ಗನ್ನಿಗೆ ಬ್ಯಾಟರಿ ಅನ್ನುವ ಹೆಸರು ಬರದೇ ಇರುವುದು ಇದಕ್ಕೇ.

1999ರಲ್ಲಿ ಕಾರ್ಗಿಲ್‌ನ ಕಡಿದಾದ ಬೆಟ್ಟಗಳನ್ನು ನಮ್ಮ ಪದಾತಿ ಯೋಧರು ಹತ್ತುವಾಗ ಮೇಲಿನ ಬಂಕರ್‌ಗಳ ಮೇಲೆ ಬೆಂಕಿ ಸುರಿಸಿದ್ದು ಈ ಗನ್ನುಗಳು. 2022ರಲ್ಲಿ ದ್ರಾಸ್‌ನ ಪಾಯಿಂಟ್ 5140 ಎಂಬ ಶಿಖರಕ್ಕೆ ಗನ್ ಹಿಲ್ ಎಂದು ಹೆಸರಿಟ್ಟರು. ಗುರಿಯನ್ನು ಕಣ್ಣಾರೆ ಕಾಣದೆ ದುಡಿದವರಿಗೆ ಒಂದು ಶಿಖರದ ಹೆಸರೇ ಸಿಕ್ಕಿತಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟ ವಿಷಯ.

ಇನ್ನು ಹುಡುಗನ ಟಾರ್ಚು. 1749ರ ಹೊತ್ತಿಗೆ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ಹಿಡಿದಿಡುವ ಗಾಜಿನ ಜಾಡಿಗಳನ್ನು ಒಂದಕ್ಕೊಂದು ಜೋಡಿಸಿದ. ಒಂದರ ಪೆಟ್ಟು ಸಣ್ಣದು, ಎಲ್ಲ ಸೇರಿದರೆ ದೊಡ್ಡದು. ಫಿರಂಗಿ ಸಾಲಿನ ಹಾಗೇ ಅಲ್ವಾ? ಅವನು ಅದನ್ನು ಬ್ಯಾಟರಿ ಎಂದೇ ಕರೆದ. ಟಾರ್ಚಿಗೆ ಎರಡು ಮೂರು ಸೆಲ್ ಸಾಲಾಗಿ ತುಂಬುವಾಗ ನಾವು ಮಾಡುವುದೂ ಅದನ್ನೇ.